800 ಯೂರೋದ ಕಂಪ್ಯೂಟರು, ಅಜ್ಜನಿಗೊಂದು ವಿಡಿಯೊ

ನಿಮ್ಮ ಮನೆಯಲ್ಲೂ ಈ ಮಾತು ಬಂದಿರಬಹುದು. ಹುಟ್ಟುಹಬ್ಬಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಮಗನೋ ಮಗಳೋ ಮೆಲ್ಲಗೆ ಪಕ್ಕಕ್ಕೆ ಬಂದು ಕೂರುತ್ತಾರೆ. "ಅಮ್ಮಾ, ನಂಗೊಂದು ಗೇಮಿಂಗ್ ಪಿಸಿ ಬೇಕು." ನೀವು ಅಂಗಡಿಯಲ್ಲಿ ವಿಚಾರಿಸುತ್ತೀರಿ. ಬಣ್ಣದ ದೀಪ ಮಿನುಗುವ ಸಿದ್ಧ ಕಂಪ್ಯೂಟರಿನ ಬೆಲೆ ಕೇಳಿ ಎದೆ ಝಲ್ ಎನ್ನುತ್ತದೆ. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ: ಇಷ್ಟು ದುಡ್ಡು ಸುರಿದು ಮಗುವನ್ನು ಕೋಣೆಯೊಳಗೆ ಕಳಿಸಿ ಬಾಗಿಲು ಹಾಕಿಕೊಳ್ಳುವಂತೆ ಮಾಡುತ್ತೇವಾ? ಈಗಲೇ ಅರ್ಧ ಉತ್ತರ ಜರ್ಮನ್‌ನಲ್ಲೋ ಇಂಗ್ಲಿಷಿನಲ್ಲೋ ಬರುತ್ತಿದೆ, ಇನ್ನು ಅದೂ ನಿಂತರೆ?

ನಮ್ಮ ಮನೆಯಲ್ಲಿ ಈ ಬೇಡಿಕೆ ಬಂದದ್ದು 2024ರಲ್ಲಿ. ಮಗಳಿಗೆ ಆಗ 10 ವರ್ಷ. ಡ್ರೆಸ್ಡೆನ್‌ನಲ್ಲಿ ಅವಳ ಗೆಳತಿಯರೆಲ್ಲ ಮೈನ್‌ಕ್ರಾಫ್ಟ್ ಆಡುತ್ತಾರೆ, ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಕುಂಟುತ್ತದೆ. ಅಷ್ಟೇ ಆಗಿದ್ದರೆ "ಮುಂದಿನ ವರ್ಷ ನೋಡೋಣ" ಎಂದು ಸಾಗಹಾಕುತ್ತಿದ್ದೆ. ಆದರೆ ಅದೇ ಹೊತ್ತಿಗೆ ಊರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ತೀರ್ಥಹಳ್ಳಿಯಲ್ಲಿರುವ ನನ್ನ ಅಪ್ಪನಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಮೊಮ್ಮಗಳು ಹೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದರು. "ಅಜ್ಜಂಗೆ ನನ್ನ ಕನ್ನಡ ಅರ್ಥ ಆಗಲ್ಲ" ಎಂದು ಇವಳು ತೀರ್ಮಾನಿಸಿಬಿಟ್ಟಳು. ಕರೆ ಹದಿನೈದು ನಿಮಿಷದಿಂದ ಐದಕ್ಕೆ ಇಳಿಯಿತು. ಆಮೇಲೆ "ಹೋಮ್‌ವರ್ಕ್ ಇದೆ" ಎನ್ನುವುದು ಶುರುವಾಯಿತು.

ಅಜ್ಜನಿಗೆ ಕೇಳಿಸುವುದಿಲ್ಲ, ಆದರೆ ಓದಲು ಬರುತ್ತದಲ್ಲ ಎಂದು ಹೊಳೆದದ್ದು ಅವಳಿಗೇ. ವಿಡಿಯೊ ಮಾಡಿ, ಕೆಳಗೆ ಕನ್ನಡದಲ್ಲಿ ಸಾಲು ಹಾಕಿ ಕಳಿಸಿದರೆ? ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಿದಳು. ಮೂರು ನಿಮಿಷದ ವಿಡಿಯೊ ಕತ್ತರಿಸಲು ಒಂದು ಸಂಜೆ ಹೋಯಿತು, ಕೊನೆಗೆ ಪರದೆ ಸ್ತಬ್ಧವಾಗಿ ಎಲ್ಲ ಕಳೆದುಹೋಯಿತು. ಅವಳು ಅತ್ತಳು. ಅಂದು ರಾತ್ರಿ ನಾನೂ ನನ್ನ ಗಂಡನೂ ಲೆಕ್ಕ ಹಾಕಿ 800 ಯೂರೋ ಎಂದು ಗೆರೆ ಎಳೆದೆವು. ಆಟಕ್ಕೂ ಆಗಬೇಕು, ವಿಡಿಯೊ ಸಂಕಲನಕ್ಕೂ ಆಗಬೇಕು, ಮಾನಿಟರ್ ಸೇರಿ ಅಷ್ಟರಲ್ಲೇ ಮುಗಿಯಬೇಕು.

ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ನನ್ನ ಕೆಲಸ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದ ಚಿತ್ರಗಳ ಜೊತೆ. ಅಲ್ಲಿ ಕಲಿತ ಒಂದು ಪಾಠ ಮನೆಗೂ ಹೊಂದುತ್ತದೆ: ಯಾವುದು ನಿಧಾನ ಎಂದು ಗೊತ್ತಾಗುವ ಮೊದಲು ದುಡ್ಡು ಬಿಚ್ಚಬಾರದು.

ನಿಮ್ಮಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ಇಷ್ಟಕ್ಕೂ ಗೆರೆ ಓಡುತ್ತಿರುತ್ತದೆ. ಮಗು ಆಡುವಾಗ ಒಮ್ಮೆ, ವಿಡಿಯೊ ಸಂಕಲಿಸುವಾಗ ಒಮ್ಮೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಯಾವ ಗೆರೆ ಮೇಲೇರಿ ಅಲ್ಲೇ ಅಂಟಿಕೊಳ್ಳುತ್ತದೋ ಕೊರತೆ ಇರುವುದು ಅಲ್ಲಿ.

ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 8 ಜಿಬಿ ಮೆಮೊರಿ. ಸಂಕಲನದ ತಂತ್ರಾಂಶ ತೆರೆದೊಡನೆ ಮೆಮೊರಿ ತುಂಬುತ್ತಿತ್ತು, ಪ್ರೊಸೆಸರ್ ಆರಾಮಾಗಿತ್ತು. ಮೆಮೊರಿ ಬದಲಿಸಬಹುದಾದ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮದರಲ್ಲಿ ಅದನ್ನು ಬೋರ್ಡಿಗೇ ಬೆಸೆದಿದ್ದರು. ನಿಮ್ಮದರಲ್ಲಿ ಹಾಗಿಲ್ಲದಿದ್ದರೆ ಮೊದಲು ಇನ್ನೊಂದು ಮೆಮೊರಿ ಪಟ್ಟಿ ಹಾಕಿ ನೋಡಿ. ಹೊಸ ಕಂಪ್ಯೂಟರಿನ ಖರ್ಚೇ ಉಳಿಯಬಹುದು.

ಎರಡನೆಯ ಪ್ರಶ್ನೆ: ಇದನ್ನು ನೋಡುವವರು ಯಾರು, ಯಾವುದರಲ್ಲಿ? ನಮ್ಮ ಅಜ್ಜ ನೋಡುವುದು ಟ್ಯಾಬ್‌ನಲ್ಲಿ. ಅದಕ್ಕೆ 4ಕೆ ಬೇಕಿಲ್ಲ. 4ಕೆ ಚಿತ್ರದಲ್ಲಿ 1080ಪಿ ಚಿತ್ರಕ್ಕಿಂತ ನಾಲ್ಕು ಪಟ್ಟು ಚುಕ್ಕೆಗಳಿರುತ್ತವೆ, ಅಷ್ಟನ್ನೂ ಕಂಪ್ಯೂಟರು ಹೊರಬೇಕು. ಐಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ, 1080ಪಿ ಸುಮಾರು 60 ಎಂಬಿ. ಫೋನಿನ ಸೆಟ್ಟಿಂಗನ್ನು 1080ಪಿಗೆ ಇಳಿಸಿದ್ದು ನಾವು ಮಾಡಿದ ಅತಿ ಅಗ್ಗದ ಸುಧಾರಣೆ. ಒಂದು ಸೆಂಟೂ ಖರ್ಚಾಗಲಿಲ್ಲ.

ದುಡ್ಡು ಎಲ್ಲಿಗೆ ಹೋಯಿತು

2024ರ ಅಕ್ಟೋಬರಿನಲ್ಲಿ ನಮ್ಮ ಬಿಲ್ ಹೀಗಿತ್ತು, ಶೇ. 19ರ ತೆರಿಗೆ ಸೇರಿ:

ಗ್ರಾಫಿಕ್ಸ್ ಕಾರ್ಡ್ – 275 ಯೂರೋ
ಪ್ರೊಸೆಸರ್ – 95
ಮದರ್‌ಬೋರ್ಡ್ – 90
32 ಜಿಬಿ ಮೆಮೊರಿ – 60
1 ಟಿಬಿ ಎಸ್‌ಎಸ್‌ಡಿ – 65
550 ವ್ಯಾಟ್ ಎಸ್‌ಎಂಪಿಎಸ್ – 60
ಕ್ಯಾಬಿನೆಟ್ – 55
24 ಇಂಚಿನ ಮಾನಿಟರ್ – 100

ಕೀಬೋರ್ಡ್, ಮೌಸ್ ಮನೆಯಲ್ಲಿದ್ದವು. ಹಳೆಯ ಡೆಸ್ಕ್‌ಟಾಪಿಗೆಂದು ಕೊಂಡಿದ್ದ ರೀಟೇಲ್ ವಿಂಡೋಸ್ ಪರವಾನಗಿಯನ್ನು ಇದಕ್ಕೆ ವರ್ಗಾಯಿಸಿದೆವು. ನಿಮ್ಮಲ್ಲಿ ಅದಿಲ್ಲದಿದ್ದರೆ ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇವು ಆಗಿನ ಬೆಲೆಗಳು, ಹಾಗೇ ನಕಲು ಮಾಡಬೇಡಿ. ಮುಖ್ಯವಾಗಿ 2025ರ ಕೊನೆಯಿಂದ ಮೆಮೊರಿ ಬೆಲೆ ಬಹಳ ಏರಿದೆ. ಅನುಪಾತವನ್ನು ಮಾತ್ರ ಗಮನಿಸಿ: ಮಾನಿಟರ್ ಬಿಟ್ಟರೆ ಸುಮಾರು ಶೇ. 40 ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆ. ಅಮೆರಿಕದಲ್ಲಿರುವವರು ಅಂಗಡಿಯ ಬೆಲೆಗೆ ಸೇಲ್ಸ್ ಟ್ಯಾಕ್ಸ್ ಸೇರುತ್ತದೆ ಎನ್ನುವುದನ್ನು ಮರೆಯಬೇಡಿ.

ಗ್ರಾಫಿಕ್ಸ್ ಕಾರ್ಡ್ ಆರಿಸುವಾಗಲೇ ಆಟ ಮತ್ತು ಸಂಕಲನದ ನಡುವೆ ಜಗಳ ಹತ್ತುವುದು. ಆಟವಷ್ಟೇ ಆಗಿದ್ದರೆ 8 ಜಿಬಿಯ ಆರ್‌ಟಿಎಕ್ಸ್ 4060 ಹೆಚ್ಚು ಚುರುಕು. ಇನ್ನೂ ಅಗ್ಗಕ್ಕೆ ಬೇಕೆಂದರೆ ರೇಡಿಯಾನ್ ಆರ್‌ಎಕ್ಸ್ 6600 ಕೂಡ 1080ಪಿ ಆಟಕ್ಕೆ ಸಾಕು. ನಾವು ಕೊಂಡದ್ದು ಅದಕ್ಕಿಂತ ಹಳೆಯ ಆರ್‌ಟಿಎಕ್ಸ್ 3060, ಯಾಕೆಂದರೆ ಅದರಲ್ಲಿ 12 ಜಿಬಿ ಇದೆ. ಡಾವಿಂಚಿ ರಿಸಾಲ್ವ್‌ನಂಥ ಸಂಕಲನ ತಂತ್ರಾಂಶ ಬಣ್ಣ ತಿದ್ದುವಾಗ, ಪದರದ ಮೇಲೆ ಪದರ ಹಾಕುವಾಗ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನೇ ಬಳಸುತ್ತದೆ. ಅದು ಸಾಲದಿದ್ದರೆ ಕೆಲಸವೇ ನಿಲ್ಲುತ್ತದೆ. ಆಟದಲ್ಲಿ ಸ್ವಲ್ಪ ವೇಗ ಕಮ್ಮಿಯಾದರೆ ಆಟವಾದರೂ ನಡೆಯುತ್ತದೆ. ಇಲ್ಲೊಂದು ಎಚ್ಚರಿಕೆ: 3060 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯ ಇನ್ನೊಂದು ಕಾರ್ಡೂ ಇದೆ, ಅದು ನಿಧಾನ. ಹೆಸರಿನ ಜೊತೆ ಸಂಖ್ಯೆಯನ್ನೂ ಓದಿ. ಈಗ ಕೊಳ್ಳುವವರು ಇಂಟೆಲ್‌ನ 12 ಜಿಬಿಯ ಆರ್ಕ್ ಬಿ580 ಕೂಡ ನೋಡಿ. 2024ರ ಡಿಸೆಂಬರಿನಲ್ಲಿ ಬಂದಾಗ ಅದರ ಬೆಲೆ 249 ಡಾಲರ್ ಇತ್ತು.

ಪ್ರೊಸೆಸರ್ ರೈಜನ್ 5 5600. ಆರು ಕೋರು, ತಂಪು ಮಾಡುವ ಫ್ಯಾನ್ ಪೆಟ್ಟಿಗೆಯಲ್ಲೇ ಬರುತ್ತದೆ. ಇದು ಎಎಮ್4 ಎಂಬ ಹಳೆಯ ಸಾಕೆಟ್ಟಿನದು. 2022ರಲ್ಲಿ ಬಂದ ಎಎಮ್5ಗೆ ಹೋಗಿದ್ದರೆ ಮುಂದೆ ಪ್ರೊಸೆಸರ್ ಬದಲಿಸಲು ಹೆಚ್ಚು ದಾರಿ ಇರುತ್ತಿತ್ತು. ಆದರೆ ಬೋರ್ಡು, ಡಿಡಿಆರ್5 ಮೆಮೊರಿ ಎಲ್ಲ ಸೇರಿ 800 ದಾಟುತ್ತಿತ್ತು. ಹಳೆಯ ಬೋರ್ಡನ್ನು ಅಗ್ಗಕ್ಕೆ ಕೊಳ್ಳುವುದಾದರೆ ಆ ಪ್ರೊಸೆಸರನ್ನು ಅದು ಗುರುತಿಸುತ್ತದೆಯೇ, ಬಯಾಸ್ ಅಪ್‌ಡೇಟ್ ಬೇಕೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಇಂಟೆಲ್ ಕೊಳ್ಳುವವರಿಗೊಂದು ಮಾತು: ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ವಿಡಿಯೊ ಬಿಡಿಸಲು ಬಹಳ ಒದಗುವ ಕ್ವಿಕ್ ಸಿಂಕ್ ಕೂಡ ಅದರೊಂದಿಗೇ ಹೋಗುತ್ತದೆ.

ಮೆಮೊರಿ ಒಂದೇ ಪಟ್ಟಿ ಬೇಡ, 16 ಜಿಬಿಯ ಎರಡು ಇರಲಿ. ಎರಡು ಇದ್ದರೆ ಪ್ರೊಸೆಸರಿಗೆ ಎರಡು ದಾರಿ ತೆರೆಯುತ್ತದೆ. ಆಟಕ್ಕಷ್ಟೇ ಆದರೆ 16 ಸಾಕು. ಬೆಲೆ ಏರಿರುವ ಈ ಹೊತ್ತಿನಲ್ಲಿ 8ರ ಎರಡು ಹಾಕಿ, ಎರಡು ಜಾಗ ಖಾಲಿ ಬಿಟ್ಟುಕೊಳ್ಳುವುದೂ ಬುದ್ಧಿವಂತಿಕೆಯೇ. ಆಗ ವಿಡಿಯೊಗೆ ಪ್ರಾಕ್ಸಿ ಬಳಸಿ. ಅಂದರೆ ತಂತ್ರಾಂಶ ದೊಡ್ಡ ಫೈಲಿನ ಸಣ್ಣ ನಕಲು ಮಾಡಿಕೊಳ್ಳುತ್ತದೆ, ಕತ್ತರಿಸುವುದು ನಕಲಿನ ಮೇಲೆ, ಕೊನೆಗೆ ಹೊರತೆಗೆಯುವುದು ಅಸಲಿನಿಂದ.

ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ

ಇದನ್ನು ನಾನು ಕಲಿತದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. 2007ರಲ್ಲಿ ಕಾಲೇಜಿಗೆ ಸೇರಿದಾಗ ಅಪ್ಪ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ನನ್ನನ್ನು ಆ ಇಕ್ಕಟ್ಟಿನ ಬೀದಿಗೆ ಕರೆದುಕೊಂಡು ಹೋಗಿದ್ದರು. ಹತ್ತು ಅಂಗಡಿ ಹತ್ತಿಳಿದು, ಚೀಟಿಯಲ್ಲಿ ಬೆಲೆ ಬರೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಅಸೆಂಬಲ್ಡ್ ಕಂಪ್ಯೂಟರ್ ಸಿದ್ಧವಾಯಿತು. ಪ್ರೊಸೆಸರಿಗೆ ಚೌಕಾಸಿ ಮಾಡಿದ ನಾವು, ಕ್ಯಾಬಿನೆಟ್ ಜೊತೆ "ಫ್ರೀ" ಎಂದು ಕೊಟ್ಟ ಎಸ್‌ಎಂಪಿಎಸ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎಂಟು ತಿಂಗಳಿಗೆ, ಒಂದು ಮಳೆಗಾಲದ ಸಂಜೆ, ಕರೆಂಟ್ ಹೋಗಿ ಬಂದಾಗ ಅದು ಸುಟ್ಟಿತು. ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದೊಯ್ದಿತು. ಅಪ್ಪ ಬೈಯಲಿಲ್ಲ. ಅಡಿಕೆ ದುಡ್ಡಿನಲ್ಲಿ ಇನ್ನೊಮ್ಮೆ ಕಳಿಸಿದರು. ಆ ಸಂಕಟ ಇವತ್ತಿಗೂ ಮರೆತಿಲ್ಲ.

ಆದ್ದರಿಂದ ಹೆಸರುಳ್ಳ ಕಂಪನಿಯ, ವರ್ಷಗಳ ವಾರಂಟಿ ಇರುವ ಎಸ್‌ಎಂಪಿಎಸ್ ಕೊಳ್ಳಿ. '80 ಪ್ಲಸ್' ಎಂಬ ಗುರುತು ಹೇಳುವುದು ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು. ಒಳಗಿನ ರಕ್ಷಣೆ ಹೇಗಿದೆ ಎಂಬುದನ್ನಲ್ಲ. ಹಾಗೆಂದು ದೊಡ್ಡದೇ ಬೇಕೆಂದಿಲ್ಲ. 3060 ಎಳೆಯುವುದು 170 ವ್ಯಾಟ್, 5600ರ ಲೆಕ್ಕ 65 ವ್ಯಾಟ್. ಉಳಿದದ್ದೆಲ್ಲ ಸೇರಿದರೂ 550 ಧಾರಾಳ. ನಮ್ಮಂತೆ ಇವತ್ತು ಇಲ್ಲಿ ನಾಳೆ ಇನ್ನೆಲ್ಲೋ ಇರುವವರು ಅದರ ಮೇಲಿನ ಚೀಟಿಯನ್ನೂ ಓದಬೇಕು. 100ರಿಂದ 240 ವೋಲ್ಟ್ ಎಂದಿದ್ದರೆ ಭಾರತಕ್ಕೂ ಅಮೆರಿಕಕ್ಕೂ ಆಗುತ್ತದೆ. ಯುರೋಪಿನಲ್ಲಿ ಸಿಗುವ ಕೆಲವು ಅಗ್ಗದವು 200ರಿಂದ 240ಕ್ಕೆ ಮಾತ್ರ.

ಉಳಿಸುವುದಿದ್ದರೆ ಬಣ್ಣದ ದೀಪ, ಗಾಜಿನ ಕ್ಯಾಬಿನೆಟ್, ನೀರಿನ ಕೂಲರ್, ದುಬಾರಿ ಮದರ್‌ಬೋರ್ಡ್ ಇಲ್ಲೆಲ್ಲ ಉಳಿಸಿ. ಹಳೆಯ ಸಾಮಾನಿನಲ್ಲಿ ಪ್ರೊಸೆಸರ್ ಕೊಳ್ಳಬಹುದು. ಗ್ರಾಫಿಕ್ಸ್ ಕಾರ್ಡನ್ನು ಎದುರಿಗೆ ಓಡಿಸಿ ತೋರಿಸಿದರೆ ಕೊಳ್ಳಬಹುದು. ಎಸ್‌ಎಂಪಿಎಸ್ ಮಾತ್ರ ಹೊಸದೇ ಇರಲಿ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಅಂಗಡಿಯಿಂದ ಕೊಂಡದ್ದನ್ನು ಸಾಮಾನ್ಯವಾಗಿ 14 ದಿನದೊಳಗೆ ಹಿಂತಿರುಗಿಸಬಹುದು. ಅಲ್ಲಿಯವರೆಗೆ ಪೆಟ್ಟಿಗೆಗಳನ್ನು ಹರಿಯಬೇಡಿ.

ಜೋಡಿಸುವ ದಿನದ ಕನ್ನಡ

ನೀವು ಕೇಳಬಹುದು, ಇದೆಲ್ಲದರಲ್ಲಿ ಕನ್ನಡ ಎಲ್ಲಿ ಬಂತು, ಎಲ್ಲ ಇಂಗ್ಲಿಷ್ ಹೆಸರುಗಳೇ ಅಲ್ಲವೇ ಎಂದು. ನನಗೂ ಹಾಗೇ ಅನ್ನಿಸಿತ್ತು. ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂತಾಗ ಬೇರೆಯೇ ಕಂಡಿತು. ಮದರ್‌ಬೋರ್ಡಿಗೆ ಕನ್ನಡ ಪದ ಹುಡುಕುವ ಗೋಜಿಗೆ ನಾನು ಹೋಗಲಿಲ್ಲ. ಆದರೆ ಕೈ ಕೆಲಸ ಶುರುವಾದೊಡನೆ ಬಾಯಿಂದ ಬಂದದ್ದೆಲ್ಲ ಕನ್ನಡದ ಕ್ರಿಯಾಪದ. "ಓರೆಯಾಗಿದೆ ನೋಡು, ನೇರ ಹಿಡಿ." "ಒತ್ತಬೇಡ, ಅದಾಗೇ ಕೂರತ್ತೆ." "ಈಗ ಅದುಮು, ಟಕ್ ಅನ್ನಬೇಕು." "ಸ್ಕ್ರೂ ಪೂರ್ತಿ ಬಿಗಿ ಮಾಡಬೇಡ, ನಾಲ್ಕನ್ನೂ ಸಡಿಲ ಇಟ್ಟು ಆಮೇಲೆ ಬಿಗಿ." ಸಿಕ್ಕಿಸು, ಕಳಚು, ಸವರು, ತೂರಿಸು. ನಮ್ಮ ಮಕ್ಕಳಿಗೆ ಊಟ, ಸ್ನಾನ, ನಿದ್ದೆಯ ಕನ್ನಡ ಬರುತ್ತದೆ, ಯಾಕೆಂದರೆ ನಾವು ಮಾತಾಡುವುದು ಅಷ್ಟೇ. ಹತ್ತು ವರ್ಷದಲ್ಲಿ ನಾನು ಅವಳಿಗೆ 'ಸಡಿಲ' ಎಂಬ ಪದ ಹೇಳುವ ಸಂದರ್ಭವೇ ಬಂದಿರಲಿಲ್ಲ. ಅಂದು ಮೂರು ಗಂಟೆಯಲ್ಲಿ ಇಪ್ಪತ್ತು ಸಲ ಬಂತು.

ಎಲ್ಲ ಜೋಡಿಸಿ ಗುಂಡಿ ಒತ್ತಿದೆವು. ಫ್ಯಾನ್ ತಿರುಗಿತು, ಪರದೆ ಕಪ್ಪು. ಪಿಎಚ್‌ಡಿ ಮಾಡಿದ ಅಮ್ಮ ಮೆಮೊರಿ ಕಳಚಿ ಮತ್ತೆ ಕೂರಿಸಿದಳು, ಕೇಬಲ್‌ಗಳನ್ನೆಲ್ಲ ಎಳೆದು ನೋಡಿದಳು, ಬೆವರಿದಳು. ಹಿಂದೆ ಬಗ್ಗಿ ನೋಡುತ್ತಿದ್ದ ಮಗಳು ಕೇಳಿದಳು: "ಅಮ್ಮಾ, ಮಾನಿಟರ್ ವಯರ್ ಯಾಕೆ ಮೇಲೆ ಸಿಕ್ಕಿಸಿದೀಯ? ಗ್ರಾಫಿಕ್ಸ್ ಕಾರ್ಡ್ ಕೆಳಗಿದೆಯಲ್ಲ?" ನಾನು ಅದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದ್ದೆ. 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಅಲ್ಲಿಂದ ಚಿತ್ರ ಬರುವುದೇ ಇಲ್ಲ. ಈ ಕತೆಯನ್ನು ಅವಳು ಬಂದವರಿಗೆಲ್ಲ ಹೇಳುತ್ತಾಳೆ, ಕನ್ನಡದಲ್ಲೇ, ನನ್ನ ಬೆವರನ್ನೂ ಸೇರಿಸಿ.

ಇನ್ನೊಂದು ಕೆಲಸ ಮರೆಯಬೇಡಿ. 3200 ಎಂದು ಕೊಂಡ ಮೆಮೊರಿ ಮೊದಲ ದಿನ 2133ರಲ್ಲಿ ಓಡುತ್ತಿತ್ತು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಿದ ಮೇಲೆ ಸರಿಹೋಯಿತು. ಕೊಟ್ಟ ದುಡ್ಡಿನ ವೇಗ ಅಲ್ಲಿ ಅಡಗಿರುತ್ತದೆ.

ಕಂಪ್ಯೂಟರು ಇರುವುದು ಹಾಲ್‌ನಲ್ಲಿ, ನಾನು ತರಕಾರಿ ಹೆಚ್ಚುವ ಜಾಗದಿಂದ ಕಾಣುವಂತೆ. ಕೊಳ್ಳುವ ಮೊದಲೇ ಹಾಕಿಕೊಂಡ ಒಪ್ಪಂದ ಅದು. ಕೊಂಡ ಮೇಲೆ ಹಾಕುವುದು ಕಷ್ಟ.

ಒತ್ತಕ್ಷರದ ಪರೀಕ್ಷೆ

ತಂತ್ರಾಂಶಕ್ಕೆ ದುಡ್ಡು ಬೇಕಿಲ್ಲ. ಡಾವಿಂಚಿ ರಿಸಾಲ್ವ್‌ಗೆ ಉಚಿತ ಆವೃತ್ತಿ ಇದೆ. ಕೆಡಿಎನ್‌ಲೈವ್, ಶಾಟ್‌ಕಟ್ ಪೂರ್ತಿ ಮುಕ್ತ, ಹಗುರ ಕೂಡ. ಆದರೆ ನಮ್ಮಂಥವರಿಗೆ ಒಂದು ಪರೀಕ್ಷೆ ಹೆಚ್ಚಿಗಿದೆ. ಯಾವುದೇ ತಂತ್ರಾಂಶ ಹಾಕಿದೊಡನೆ ಅಕ್ಷರ ಬರೆಯುವ ಜಾಗದಲ್ಲಿ 'ಕೃಷ್ಣ, ರಾಷ್ಟ್ರ, ಸ್ತ್ರೀ, ತೀರ್ಥಹಳ್ಳಿ' ಎಂದು ಟೈಪ್ ಮಾಡಿ. ಕೆಲವು ಕಡೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತದೆ, ಅರ್ಕಾವತ್ತು ಒಡೆಯುತ್ತದೆ. ಹಾಗಾದರೆ ಅದೇ ತಂತ್ರಾಂಶದಲ್ಲಿ ಬೇರೆ ಬಗೆಯ ಶೀರ್ಷಿಕೆ ಪ್ರಯತ್ನಿಸಿ, ಇಲ್ಲವೇ ತಂತ್ರಾಂಶ ಬದಲಿಸಿ. ನೋಟೊ ಸಾನ್ಸ್ ಕನ್ನಡ ಉಚಿತ ಫಾಂಟ್, ಸಣ್ಣ ಪರದೆಯಲ್ಲೂ ಸ್ಪಷ್ಟ. ಟೈಪ್ ಮಾಡಲು ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ, ಮಕ್ಕಳು ಒಂದೇ ದಿನದಲ್ಲಿ ಹಿಡಿದುಕೊಳ್ಳುತ್ತಾರೆ.

ಮೊದಲ ವಿಡಿಯೊ ನಾವು ಸ್ಯಾಕ್ಸನ್ ಸ್ವಿಟ್ಜರ್ಲೆಂಡ್‌ನ ಕಾಡಿಗೆ ನಡೆಯಲು ಹೋಗಿದ್ದರದ್ದು. ನಾಲ್ಕು ನಿಮಿಷ, 31 ಸಾಲು ಕನ್ನಡ. ಎಲ್ಲ ಅವಳೇ ಬರೆದದ್ದು. ನೀರು ಹರಿಯುವ ಕಲ್ಲುಗಳ ಮೇಲೆ ಅಪ್ಪ ಮಗಳು ಜಿಗಿಯುವ ದೃಶ್ಯದ ಕೆಳಗೆ 'ನಾವು ಹಲ್ಲು ದಾಟಿದೆವು' ಎಂದಿತ್ತು. ನನಗೆ ಕಂಡಿತ್ತು. ತಿದ್ದೋಣ ಎಂದು ಬಾಯಿ ತೆರೆದವಳು ಸುಮ್ಮನಾದೆ.

ಮರುದಿನ ಅಪ್ಪನೇ ಕರೆ ಮಾಡಿದರು. ಭಾನುವಾರವಲ್ಲ, ಸೋಮವಾರ. "ಪುಟ್ಟೀ, ಹಲ್ಲು ದಾಟಿದ್ರಾ? ಯಾರ ಹಲ್ಲೇ ಅದು?" ಎಂದು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಇವಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು, ಆಮೇಲೆ ಇವಳೂ ನಕ್ಕಳು. 'ಳ'ಗೂ 'ಲ'ಗೂ ಇರುವ ವ್ಯತ್ಯಾಸವನ್ನು ನಾನು ನಾಲ್ಕು ವರ್ಷ ಹೇಳಿಕೊಟ್ಟಿದ್ದೆ. ಅವಳು ಅದನ್ನು ಕಲಿತದ್ದು ಆ ಸೋಮವಾರ. ಈಗ ಪ್ರತಿ ವಿಡಿಯೊಗೂ ಅಜ್ಜ ಕಾಗದದ ಮೇಲೆ ತಪ್ಪುಗಳ ಪಟ್ಟಿ ಬರೆದು ಫೋಟೊ ಕಳಿಸುತ್ತಾರೆ. ಕೆಲವೊಮ್ಮೆ ಬೇಕೆಂದೇ ಒಂದು ತಪ್ಪು ಇಡುತ್ತಾಳೆ ಎಂಬ ಗುಮಾನಿ ನನಗಿದೆ.

ಮೈನ್‌ಕ್ರಾಫ್ಟ್ ಕೂಡ ಚೆನ್ನಾಗಿ ಓಡುತ್ತಿದೆ. ಅದನ್ನು ಆಡುವಾಗ ಅವಳು ಗೆಳತಿಯರ ಜೊತೆ ಮಾತಾಡುವುದು ಜರ್ಮನ್‌ನಲ್ಲೇ. ಅದಕ್ಕೆ ನನ್ನ ತಕರಾರಿಲ್ಲ. ಒಂದೇ ಯಂತ್ರದಲ್ಲಿ ಎರಡು ಕೆಲಸ ನಡೆಯುವಂತೆ ಒಂದೇ ಮಗುವಿನಲ್ಲಿ ಎರಡು ಭಾಷೆಯೂ ನಡೆಯುತ್ತವೆ. ಎರಡಕ್ಕೂ ಕೆಲಸ ಕೊಡಬೇಕು, ಅಷ್ಟೇ.

ಈ ವಾರಾಂತ್ಯ ನೀವು ಏನನ್ನೂ ಕೊಳ್ಳಬೇಡಿ. ಮಗುವಿನ ಪಕ್ಕ ಹತ್ತು ನಿಮಿಷ ಕೂತು ಆ ಗೆರೆಗಳನ್ನು ನೋಡಿ. "ಯಾವುದು ಮೇಲೆ ಏರ್ತಿದೆ?" ಎಂದು ಕನ್ನಡದಲ್ಲಿ ಕೇಳಿ. ಏನು ಕಂಡಿತು ಎಂದು ನನಗೂ ಬರೆಯಿರಿ. ಮುಂದಿನ ತಿಂಗಳು ಸಿಗೋಣ.